ಲಕ್ಷಣವೇ ಇಲ್ಲದೆ ಎನ್ ಪ್ರತಿಕಾಯ ಪಾಸಿಟಿವ್ ಬಂದಿರುವುದಕ್ಕೆ
ಮನೆಯವರಿಗೆಲ್ಲ ಜ್ವರ ಬಂದಾಗಲೂ ನಿಮಗೆ ಲಕ್ಷಣ ಕಾಣಲಿಲ್ಲ, ಆದರೂ ರಕ್ತಪರೀಕ್ಷೆಯಲ್ಲಿ ಎನ್ ಪ್ರತಿಕಾಯ (ಕೊರೊನಾವೈರಸ್ಸಿನ ಒಳಗಿನ ಎನ್ ಪ್ರೋಟೀನಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್) ಏಕೆ ಪಾಸಿಟಿವ್ ಬಂತು ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಇದು ಲಕ್ಷಣರಹಿತ ಕೋವಿಡ್ ಸೋಂಕು. ಮನೆಯವರೆಲ್ಲ ಜ್ವರದಿಂದ ಮಲಗಿದಾಗ ನಿಮಗೂ ವೈರಸ್ ತಗುಲಿರಬೇಕು, ದೇಹ ಅದನ್ನು ಬೇಗನೆ ಹತ್ತಿಕ್ಕಿರಬೇಕು. ಹುಟ್ಟಿನಿಂದಲೇ ಸೋಂಕು ತಗುಲದಂಥ ಶಕ್ತಿ ನಿಮಗಿದೆ ಎಂದು ಇದರಿಂದ ತಿಳಿಯಬೇಡಿ.

ಮೊದಲು ನೀವು ಪಡೆದ ಲಸಿಕೆ ಯಾವುದೆಂದು ನೋಡಿ. ಸ್ಪೈಕ್ ಪ್ರೋಟೀನನ್ನು (ವೈರಸ್ಸಿನ ಮೇಲ್ಮೈಯ ಮುಳ್ಳಿನಂಥ ಭಾಗ) ಮಾತ್ರ ಆಧರಿಸಿದ ಲಸಿಕೆಯಿಂದ ಎನ್ ಪ್ರತಿಕಾಯ ಹುಟ್ಟುವುದಿಲ್ಲ; ಹಾಗಿದ್ದರೆ ಅದು ಸೋಂಕಿನದೇ. ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸಿನ ಲಸಿಕೆಯಾಗಿದ್ದರೆ ಅದರಿಂದಲೂ ಬಂದಿರಬಹುದು, ವರದಿ ನೋಡಿ ಬೇರ್ಪಡಿಸಲಾಗದು.

ವರದಿಯ ಅಂಕಿಯನ್ನು ರಕ್ಷಣೆಯ ಅಳತೆ ಎಂದುಕೊಳ್ಳಬೇಡಿ. ಇಷ್ಟಿದ್ದರೆ ಸುರಕ್ಷಿತ ಎಂಬ ಒಪ್ಪಿತ ಮಿತಿ ಇಲ್ಲ, ಟಿ ಕೋಶಗಳ (ಹಿಂದಿನ ವೈರಸ್ಸನ್ನು ಗುರುತಿಟ್ಟು ಎದುರಿಸುವ ಬಿಳಿ ರಕ್ತಕಣಗಳ) ನೆನಪನ್ನು ಈ ಪರೀಕ್ಷೆ ಅಳೆಯುವುದೂ ಇಲ್ಲ. ನಿಮಗೇ ಏಕೆ ಲಕ್ಷಣ ಬರಲಿಲ್ಲ ಎಂಬುದನ್ನು ಖಚಿತವಾಗಿ ಹೇಳಲಾಗದು. ಹಿಂದೆ ನೆಗಡಿ ತಂದ ಕೊರೊನಾವೈರಸ್‌ಗಳನ್ನು ಕಂಡ ಟಿ ಕೋಶಗಳು ನೆರವಾಗಿರಬಹುದು. ಎಚ್‌ಎಲ್‌ಎ-ಬಿ*15:01 ಎಂಬ ಜೀನ್ ರೂಪಕ್ಕೂ ಲಕ್ಷಣರಹಿತ ಸೋಂಕಿಗೂ ನಂಟಿರುವುದನ್ನು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಅದಕ್ಕಾಗಿ ನೀವು ಜೀನ್ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

ನನಗೆ ಹೆಚ್ಚು ಆತಂಕವಿರುವುದು ಕೀಮೋಥೆರಪಿಯಲ್ಲಿರುವ ನಿಮ್ಮ ತಾಯಿಯ ಬಗ್ಗೆ. ಲಕ್ಷಣವಿಲ್ಲದವರಿಂದಲೂ ವೈರಸ್ ಹರಡುತ್ತದೆ. ಮುಂದೆ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ನೀವು ಆರೋಗ್ಯವಾಗಿದ್ದರೂ ತಾಯಿಯ ಬಳಿ ಎನ್95 ಮಾಸ್ಕ್ ಧರಿಸಿ, ಕಿಟಕಿ ತೆರೆದಿಡಿ. ರ‍್ಯಾಪಿಡ್ ಪರೀಕ್ಷೆ ಒಮ್ಮೆ ನೆಗೆಟಿವ್ ಬಂದರೆ ಸಾಲದು. 48 ಗಂಟೆಗಳ ಅಂತರದಲ್ಲಿ ಒಟ್ಟು ಮೂರು ಬಾರಿ ಮಾಡಿ. ನಿಮ್ಮಿಬ್ಬರ ಮುಂದಿನ ಲಸಿಕೆ ಯಾವಾಗ ಎಂಬುದನ್ನು ಈ ವರದಿಯೊಂದಿಗೆ ಅವರ ಕ್ಯಾನ್ಸರ್ ವೈದ್ಯರನ್ನೇ ಕೇಳಿ.