ಲೀಕ್ ಆದ ಸ್ಟ್ರಟ್ ಒಂದನ್ನೇ ಬದಲಾಯಿಸಿದರೆ ಸಾಕಾ?

ಕೊರೊಲಾ ಆಲ್ಟಿಸ್‌ನ ಮುಂದಿನ ಎಡ ಸ್ಟ್ರಟ್ (ಸ್ಪ್ರಿಂಗ್ ಜೊತೆಗಿರೋ ಶಾಕ್ ಅಬ್ಸಾರ್ಬರ್) ಲೀಕ್ ಆಗ್ತಿದೆ, ಅದೊಂದನ್ನೇ ಮನೇಲಿ ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ಮನೇಲಿ ಮಾಡಬಹುದು ಸರ್, ಆದ್ರೆ ಎರಡೂ ಕಡೆ ಒಟ್ಟಿಗೇ ಹಾಕಿ. ಒಂದು ಹೊಸದು, ಇನ್ನೊಂದು ಸವೆದದ್ದು ಇದ್ರೆ ಬ್ರೇಕ್ ಹೊಡೆದಾಗ ಗಾಡಿ ಎರಡು ಬದಿಗೂ ಒಂದೇ ಥರ ಕೂರಲ್ಲ.

ಮೊದಲು ಬಟ್ಟೆಯಲ್ಲಿ ಒರೆಸಿ, ಕೆಲವು ದಿನ ಓಡಿಸಿ ನೋಡಿ. ಮೇಲ್ಗಡೆ ತೆಳುವಾಗಿ ಪಸೆ, ಅದಕ್ಕೆ ಧೂಳು ಅಂಟಿದ್ರೆ ಗಾಬರಿ ಬೇಡ. ಎಣ್ಣೆ ಕೆಳಗಿನ ತನಕ ಇಳಿದಿದ್ರೆ ಅದರ ಕತೆ ಮುಗೀತು.

ಬಿಚ್ಚೋದು ಸುಲಭ: ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಹಿಡಿಕೆ, ಸ್ಟೆಬಿಲೈಸರ್ ಲಿಂಕ್ (ತಿರುವಲ್ಲಿ ಗಾಡಿ ವಾಲದಂತೆ ತಡೆಯೋ ಸರಳಿಗೆ ಸ್ಟ್ರಟ್ ಸೇರಿಸೋ ಕೊಂಡಿ), ನಕಲ್‌ನ (ಚಕ್ರದ ಹಬ್ ಹಿಡಿದಿರೋ ಭಾಗ) ಎರಡು ದಪ್ಪ ಬೋಲ್ಟ್, ಕೊನೆಗೆ ಮೇಲಿನ ಮೂರು ನಟ್. ಲಿಂಕಿನ ನಟ್ ಜೊತೆ ಸ್ಟಡ್ಡೂ ತಿರುಗ್ತಾ ಸತಾಯಿಸುತ್ತೆ. ಅದರ ತುದಿಗೆ ಆಲನ್ ಕೀ ಕೊಟ್ಟು ಹಿಡ್ಕೊಳ್ಳಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ನಕಲ್ ಬ್ರೇಕ್ ಹೋಸಿಗೆ ಜೋತು ಬೀಳದಂತೆ ತಂತಿ ಕಟ್ಟಿ.

ಮೇಲಿನ ಆ ಮೂರು ನಟ್‌ಗಳ ಮಧ್ಯದಲ್ಲಿ ಬೇರೆಯಾಗಿ ಇರೋ ನಟ್ ಮಾತ್ರ ಮುಟ್ಟಬೇಡಿ! ಸ್ಪ್ರಿಂಗ್ ಅದುಮಿ ಹಿಡಿದಿರೋದು ಅದೇ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅದುಮಿ ಹಿಡಿಯೋ ಉಪಕರಣ) ಇಲ್ಲದೆ ಬಿಚ್ಚಿದ್ರೆ ಸ್ಪ್ರಿಂಗ್ ಚಿಮ್ಮಿ ಮುಖಕ್ಕೇ ಬರುತ್ತೆ. ನನ್ನ ಕೇಳಿದ್ರೆ, ಇಡೀ ಜೋಡಣೆ ಹೊರತೆಗೆದು ಸಸ್ಪೆನ್ಷನ್ ಅಂಗಡಿಗೆ ಒಯ್ದು ಹಳೇ ಸ್ಪ್ರಿಂಗನ್ನ ಹೊಸ ಸ್ಟ್ರಟ್‌ಗೆ ಹಾಕಿಸಿಕೊಂಡು ಬನ್ನಿ. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಸಿದಾಗ ಬಡಿಯದಂತೆ ತಡೆಯೋ ರಬ್ಬರ್) ಅಲ್ಲೇ ನೋಡಿಸಿ. ರಬ್ಬರ್ ಬಿರುಕು ಬಿಟ್ಟಿದ್ರೆ ಈಗಲೇ ಹಾಕಿಸೋದು ಲಾಭ.

ಜೋಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಬಿಟ್ರೆ ಟೈರ್ ಒಂದೇ ಅಂಚಲ್ಲಿ ಸವೆಯುತ್ತೆ.