ಹಿತ್ತಲ ಹಕ್ಕಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಚಳಿಗಾಲದಲ್ಲಿ ಹಿತ್ತಲಿನ ಮರಕ್ಕೆ ಸೂಯೆಟ್, ಅಂದರೆ ದನದ ಕೊಬ್ಬಿನ ಬಿಲ್ಲೆ, ತೂಗುಹಾಕುತ್ತೇವೆ. ಅದಕ್ಕೆ ಬರುವ ಕಪ್ಪು ಬಿಳುಪಿನ ಮರಕುಟಿಗ ಡೌನಿಯೋ ಹೇರಿಯೋ ಎಂದು ಮನೆಯಲ್ಲಿ ದಿನವೂ ವಾದ. ತಲೆಯ ಕೆಂಪು ನೋಡಿ ಹೇಳಬಹುದೆ?

ಉತ್ತರ: ಆಗದು. ತಲೆಯ ಹಿಂಬದಿಯ ಕೆಂಪು ಎರಡು ಜಾತಿಯಲ್ಲೂ ಗಂಡಿನ ಗುರುತು, ಅಷ್ಟೇ. ಕೊಕ್ಕು ನೋಡಿ. ಡೌನಿಯದು ತಲೆಯ ಅರ್ಧದಷ್ಟೂ ಉದ್ದವಿರುವುದಿಲ್ಲ. ಹೇರಿಯದು ಹೆಚ್ಚುಕಡಿಮೆ ತಲೆಯಷ್ಟೇ ಉದ್ದ, ಉಳಿಯಂತೆ ನೆಟ್ಟಗೆ. ಹಕ್ಕಿ ನಿಮ್ಮತ್ತ ಮುಖ ಮಾಡಿದಾಗ ಎಂಥ ಕೊಕ್ಕೂ ಗಿಡ್ಡವಾಗಿಯೇ ಕಾಣುತ್ತದೆ. ಪಕ್ಕಕ್ಕೆ ತಿರುಗುವ ತನಕ ತೀರ್ಮಾನ ಬೇಡ.

ಡೌನಿ ಸುಮಾರು 16 ಸೆಂ.ಮೀ., ಗುಬ್ಬಚ್ಚಿಯ ಅಳತೆ. ಹೇರಿ 23ರ ಆಸುಪಾಸು. ಇಷ್ಟು ಅಂತರವಿದ್ದರೂ ಒಂಟಿಯಾಗಿ ಕೂತಾಗ ಗಾತ್ರ ಕಣ್ಣಿಗೆ ಸಿಗುವುದಿಲ್ಲ. ಚಳಿಗೆ ಪುಕ್ಕ ಉಬ್ಬಿಸಿದ ಡೌನಿ ದಪ್ಪಗೆ ಕಂಡು ಮೋಸ ಮಾಡುತ್ತದೆ. ಸೂಯೆಟ್ ಬಿಲ್ಲೆಯನ್ನೇ ಅಳತೆಗೋಲು ಮಾಡಿಕೊಳ್ಳಿ. ಸಾಮಾನ್ಯ ಬಿಲ್ಲೆಯ ಒಂದು ಬದಿ ಸುಮಾರು 12 ಸೆಂ.ಮೀ. ಹಕ್ಕಿ ಅದಕ್ಕಿಂತ ತುಸು ಉದ್ದವಿದ್ದರೆ ಡೌನಿ, ಎರಡರಷ್ಟಕ್ಕೆ ಹತ್ತಿರವಿದ್ದರೆ ಹೇರಿ.

ಇನ್ನೂ ಅನುಮಾನವೇ? ಬಾಲದಂಚಿನ ಬಿಳಿ ಗರಿಗಳ ಮೇಲೆ ಡೌನಿಗೆ ಕಪ್ಪು ಚುಕ್ಕೆಗಳಿರುತ್ತವೆ, ಹೇರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಒಣಗಿದ ಗೋಲ್ಡನ್‌ರಾಡ್ ಎಂಬ ಕಾಡುಹೂವಿನ ಗಿಡದ ಕಡ್ಡಿಗೆ ಜೋತು, ಹುಳುವಿರುವ ಗಂಟು ಕುಟ್ಟುತ್ತಿದ್ದರೆ ಡೌನಿಯೆಂದೇ ಬರೆದುಕೊಳ್ಳಿ. ಅಂದಹಾಗೆ, ನೋಡಲು ಅವಳಿಗಳಂತಿದ್ದರೂ ಇವೆರಡೂ ಹತ್ತಿರದ ನೆಂಟರಲ್ಲ ಎನ್ನುತ್ತದೆ ಡಿಎನ್‌ಎ.

ಪ್ರಶ್ನೆ: ಕಾಳಿನ ಫೀಡರಿಗೆ ಬರುವ ಕೆಂಪು ತಲೆಯ ಫಿಂಚ್ (ಕಾಳು ತಿನ್ನುವ ಪುಟ್ಟ ಹಕ್ಕಿ) ಯಾವುದು, ಹೌಸ್ ಫಿಂಚೋ ಪರ್ಪಲ್ ಫಿಂಚೋ?

ಉತ್ತರ: ಹೊಟ್ಟೆಯ ಇಕ್ಕೆಲ ನೋಡಿ. ಕಂದು ಗೀರುಗಳು ಎದ್ದು ಕಂಡರೆ ಹೌಸ್ ಫಿಂಚ್. ಗೀರು ಮಸುಕಾಗಿ, ಗಾಢ ಗುಲಾಬಿ ಬಣ್ಣ ಬೆನ್ನಿಗೂ ಪಕ್ಕೆಗೂ ಹರಡಿದ್ದರೆ ಪರ್ಪಲ್. ಕೆಂಪಿನ ಛಾಯೆಯೊಂದನ್ನೇ ನಂಬಬೇಡಿ: ಹೌಸ್ ಫಿಂಚಿಗೆ ಬಣ್ಣ ಬರುವುದು ತಿನ್ನುವ ಆಹಾರದಿಂದ, ಕಿತ್ತಳೆ, ಹಳದಿ ಗಂಡುಗಳೂ ಇವೆ. ಹೆಣ್ಣುಗಳದು ಸುಲಭ. ಪರ್ಪಲ್ ಹೆಣ್ಣಿಗೆ ಬಿಳಿ ಹುಬ್ಬು, ಗಾಢ ಕೆನ್ನೆ; ಹೌಸ್ ಹೆಣ್ಣಿನ ಮುಖದಲ್ಲಿ ಅಂಥ ಗುರುತಿಲ್ಲ.

ಹೌಸ್ ಫಿಂಚ್ ಮೂಲತಃ ಅಮೆರಿಕದ ಪಶ್ಚಿಮ ಭಾಗದ್ದು. 1940ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಬಿಟ್ಟ ಪಂಜರದ ಹಕ್ಕಿಗಳಿಂದ ಪೂರ್ವದಲ್ಲೆಲ್ಲ ಹಬ್ಬಿತು. ಅದರ ಕಣ್ಣು ಊದಿ ಪಿಸುರುಗಟ್ಟಿದ್ದರೆ ಅದು ಅಂಟುರೋಗ. ಫೀಡರ್ ಇಳಿಸಿ, 9 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ 10 ನಿಮಿಷ ನೆನೆಸಿ, ತೊಳೆದು, ಪೂರ್ತಿ ಒಣಗಿಸಿ. ಒಂದೆರಡು ವಾರ ಮತ್ತೆ ಕಟ್ಟಬೇಡಿ.