‘ಮನಿಗೆ ಹೋಗ್ತೀನಿ’ ಅನ್ನುವ ಅವ್ವ

(ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಬಾಗಲಕೋಟೆಯ ನವನಗರದಿಂದ ನನ್ನ ಬಳಿ ಸಲಹೆ ಕೇಳಿ ಬಂದವರು ಸೊಸೆ. ಅತ್ತೆಗೆ ಎಪ್ಪತ್ತಾರು. ಉಂಡದ್ದು ಮರೆತು ಮತ್ತೆ ಊಟ ಕೇಳುತ್ತಾರೆ, ಮೊಮ್ಮಗಳ ಹೆಸರು ಬಾಯಿಗೆ ಬರುವುದಿಲ್ಲ. ಅದನ್ನೆಲ್ಲ ಆಕೆ ಸಹಿಸಿಕೊಂಡಿದ್ದರು. ಸಂಜೆ ಐದೂವರೆಯಾದರೆ ಸಾಕು, ಎರಡು ಸೀರೆ ಗಂಟುಕಟ್ಟಿಕೊಂಡು ಅತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. “ಕತ್ತಲಾತು, ನಮ್ಮ ಮನಿಗೆ ಹೋಗ್ತೀನಿ.”

ಆ ಮನೆ ಈಗ ಇಲ್ಲ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟೆಯಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸತೊಡಗಿದ ಮೇಲೆ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ ಹಳೇ ಊರಿನ ತಗ್ಗಿನ ಓಣಿಗಳನ್ನು ತೆಗೆದುಕೊಂಡಿತು. ಇವರ ಮನೆಯೂ ಮುಳುಗಡೆಯಾಯಿತು.

ಮಗ ದಿನಾ ಹೇಳುತ್ತಿದ್ದರು: “ಯವ್ವಾ, ಆ ಮನಿ ನೀರಾಗ ಹೋಗೇತಿ.” ಅವ್ವ ದಿನಾ ಅದನ್ನು ಮೊದಲ ಸಲ ಕೇಳಿದಂತೆ ಎದೆ ಬಡಿದುಕೊಂಡು ಅಳುತ್ತಿದ್ದರು. ಒಮ್ಮೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ದಂಡೆಯ ಮೇಲೆ ನಿಲ್ಲಿಸಿ ನೀರನ್ನೇ ತೋರಿಸಿದರಂತೆ. ಅವ್ವ ಸಮಾಧಾನದಿಂದ ಅಂದದ್ದು: “ಹೊಳಿ ಬಂದೈತಿ. ಇಳದ ಮ್ಯಾಲ ಹೋಗೂನು.”

ಮೊದಲು ನಾನು ವೈದ್ಯರ ಬಳಿ ಕಳಿಸಿದೆ. ಮರೆವೆಂದರೆಲ್ಲ ವಯಸ್ಸಿನದಲ್ಲ. ಥೈರಾಯ್ಡ್ ಕಡಿಮೆಯಾದರೆ, ಬಿ-12 ಕೊರತೆಯಿದ್ದರೆ, ಖಿನ್ನತೆಯಿದ್ದರೆ, ಕೆಲವು ನಿದ್ದೆ ಗುಳಿಗೆಗಳಿಂದಲೂ ಮರೆವು ಬರುತ್ತದೆ, ಅದನ್ನು ಸರಿಪಡಿಸಬಹುದು. ಇವರದು ಹಾಗಿರಲಿಲ್ಲ, ಆಲ್ಝೈಮರ್ ಎಂದು ತಿಳಿಯಿತು. ಗುಣವಾಗುವ ಕಾಯಿಲೆಯಲ್ಲ ಎಂದು ಮಗನಿಗೆ ನೇರವಾಗಿಯೇ ಹೇಳಿದೆ. ಹೊಸ ನೆನಪು ನಿಲ್ಲುವ ಜಾಗವೇ ಇದರಲ್ಲಿ ಮೊದಲು ಕೆಡುತ್ತದೆ. ಹರೆಯದ ನೆನಪು ಬಹುಕಾಲ ಉಳಿಯುತ್ತದೆ. ಅವ್ವನ ಮಟ್ಟಿಗೆ ಮುಳುಗಡೆ ಇನ್ನೂ ಆಗಿಯೇ ಇಲ್ಲ.

“ಹಂಗಾದ್ರ ಸುಳ್ಳ ಹೇಳ್ಲೇನ್ರಿ?” ಮಗ ಸಿಟ್ಟಾದರು.

ಬೇಡ ಅಂದೆ. ಮನೆ ಇದೆ ಅಂತಲೂ ಹೇಳಬೇಡಿ, ಇಲ್ಲ ಅಂತಲೂ ಹೇಳಬೇಡಿ. ಹೋಗಿ ಏನು ಮಾಡಬೇಕವ್ವಾ ಅಂತ ಕೇಳಿ.

ಮರುದಿನ ಸೊಸೆ ಕೇಳಿದಾಗ ಉತ್ತರ ತಕ್ಷಣ ಬಂತು: “ದೀಪಾ ಹಚ್ಚಬೇಕು. ಎಮ್ಮಿ ಬರೂ ಹೊತ್ತಾತು.” ಈಗ ಐದಕ್ಕೇ ಮನೆಯ ಲೈಟು ಹಾಕುತ್ತಾರೆ, ಕತ್ತಲು ಕವಿಯುವಾಗ ಇಂಥವರ ಗಾಬರಿ ಹೆಚ್ಚುತ್ತದೆ. ಆಮೇಲೆ ಅವ್ವನ ಕೈಯಿಂದಲೇ ದೀಪ, ಸೊಸೆ ಪಕ್ಕದಲ್ಲೇ ನಿಂತಿರುತ್ತಾರೆ. ಗಂಟು ಕಟ್ಟುವುದು ನಿಂತಿಲ್ಲ, ಆದರೆ ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಕುಬಸದ ಒಳಗೆ ಫೋನ್ ನಂಬರಿನ ಪಟ್ಟಿ ಹೊಲಿದಿದ್ದಾರೆ. “ನಾ ಯಾರು ಹೇಳು” ಎಂದು ಪರೀಕ್ಷೆ ಮಾಡುವುದನ್ನು ಎಲ್ಲರೂ ಬಿಟ್ಟಿದ್ದಾರೆ. ಮೊದಲು ಹಳೆಯ ಫೋಟೋ ತೋರಿಸಿ ಎಂದಿದ್ದೆ. ಮದುವೆಯ ಫೋಟೋದಲ್ಲಿ ತಮ್ಮನ್ನೇ ಗುರುತಿಸದೆ ಅವ್ವ ಹೆದರಿಬಿಟ್ಟರು. ಆ ಸಲಹೆ ನನ್ನ ತಪ್ಪು, ಹಿಂತೆಗೆದುಕೊಂಡೆ.

ಸೊಸೆಗೆ ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಕೊಡಲೇಬೇಕು ಎಂದು ಪಟ್ಟು ಹಿಡಿದೆ. ಈಗ ನಾದಿನಿ ಬರುತ್ತಾರೆ. ರಾತ್ರಿ ತಡೆಯಲಾಗದೆ ಅಳು ಬಂದಾಗ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಹಿರಿಯರ ವಿಚಾರಕ್ಕೆ ಸಹಾಯವಾಣಿ 14567, ಎರಡನ್ನೂ ಗೋಡೆಗೆ ಬರೆದಿಡಲು ಹೇಳಿದೆ.

ನನಗೆ ಹೆಚ್ಚು ಚಿಂತೆಯಾದದ್ದು ಮಗನದು. ಮೂರನೇ ಭೇಟಿಯಲ್ಲಿ ಒಬ್ಬರೇ ಬಂದು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಬಾಯಿ ಬಿಟ್ಟರು: “ಪರಿಹಾರದ ಕಾಗದಕ್ಕ ಸಹಿ ಮಾಡಿದಾಂವ ನಾನ ರೀ. ಅವ್ವ ಅವತ್ತೂ ಬ್ಯಾಡ ಅಂದಿದ್ಲು.” ದಿನಾ ಸಂಜೆ ಅವ್ವನೊಂದಿಗೆ ವಾದಿಸುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ನೀವು ಸಹಿ ಮಾಡದಿದ್ದರೂ ನೀರು ಬರುತ್ತಿತ್ತು ಎಂದೆ. ಮನೆ ಕಳೆದುಕೊಂಡವರಲ್ಲಿ ನೀವೂ ಒಬ್ಬರು, ನೀವೆಂದಾದರೂ ಅತ್ತಿದ್ದೀರಾ ಎಂದು ಕೇಳಿದೆ. ಅವತ್ತು ಅತ್ತರು.

ಈಗ ಅವರು ಕೂತು ಅವ್ವನಿಂದ ಮನೆ ಕೇಳಿ ತಿಳಿಯುತ್ತಾರೆ. ಪಡಸಾಲಿ, ಗ್ವಾದಲಿ, ಮಾಳಿಗೆಯ ಬೆಳಕಿಂಡಿ, ಅದರಿಂದ ಬಿಸಿಲು ಯಾವ ಹೊತ್ತಿಗೆ ಒಲೆಯ ಮೇಲೆ ಬೀಳುತ್ತಿತ್ತು ಎಂಬುದು. ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆಯುತ್ತಿದ್ದಾರೆ. ಅವ್ವನಿಗೆ ಮಗನ ಹೆಸರು ಹೋಗಿದೆ. ಹೋದ ವಾರ ನಕ್ಷೆ ನೋಡುತ್ತ ಕೇಳಿದರಂತೆ:

“ಇಷ್ಟೆಲ್ಲಾ ಗೊತ್ತೈತಿ ನಿನಗ. ನೀ ನಮ್ಮ ಓಣಿಯಾಂವೇನೋ ತಮ್ಮಾ?”

“ಹೂನವ್ವಾ, ನಿಮ್ಮ ಓಣಿಯಾಂವನ.”